ಮೂರು ಎಚ್‌ಪಿ ಮೋಟರ್ ತಂದೆ, ಮಾರಿದೆ, ಎರಡರಲ್ಲೇ ಕೆಲಸ ಆಯಿತು

ಎರಡು ಇಂಚಿನ ಒಣ ಜಾಲಿ ಹಲಗೆ ಸೀಳುವಾಗ ಅರ್ಧಕ್ಕೆ ಬ್ಲೇಡ್ ಗುಂಯ್ ಎಂದು ನಿಲ್ಲುತ್ತಿತ್ತು. ಕೊಯ್ದ ಕಡೆ ಕಪ್ಪು, ಜೊತೆಗೆ ಹೊಗೆ. ಕಲಬುರಗಿಯಲ್ಲಿ ಬಾಗಿಲು ಚೌಕಟ್ಟು ಮಾಡುವವರಿಗೆಲ್ಲ ಇದು ಗೊತ್ತಿರುವ ಗೋಳೇ. ನನ್ನ ಮರ ಕೊಯ್ಯುವ ಮಷಿನ್‌ಗೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್, 10 ಇಂಚಿನ ಬ್ಲೇಡ್. ನೋಡಿದವರೆಲ್ಲ ಒಂದೇ ಮಾತು: "ಅಣ್ಣಾ, ಮೋಟರ್ ಸಣ್ಣದಾಗ್ಯಾದ. ಮೂರು ಎಚ್‌ಪಿ ಹಾಕ್ರಿ."

ಹಾಕಿದೆ. ಸೆಕೆಂಡ್ ಹ್ಯಾಂಡ್, ಸಿಂಗಲ್ ಫೇಸ್, 8,500 ರೂಪಾಯಿ. ಚಾಲು ಮಾಡಿದರೆ ಗುಂಯ್‌ಗುಟ್ಟುತ್ತದೆ, ವೇಗ ಹಿಡಿಯುವುದಿಲ್ಲ, ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಕೆಪಾಸಿಟರ್ ಬದಲಿಸಿದೆ, ದೊಡ್ಡ ಎಂಸಿಬಿ ಹಾಕಿದೆ. ಇನ್ನೊಂದು 700 ಹೋಯಿತು. ಮೂರನೇ ದಿನ ವೈರಿನ ಜಾಯಿಂಟ್ ಕರಗಿ ವಾಸನೆ ಬಂತು. ದೊಡ್ಡ ಎಂಸಿಬಿ ಹಾಕಿದ್ದು ದೊಡ್ಡ ತಪ್ಪು, ಯಾರೂ ಮಾಡಬೇಡಿ. ತೆಳು ವೈರಿಗೆ ಅದು ಕಾವಲೇ ಅಲ್ಲ. ಕೊನೆಗೆ ಮೋಟರನ್ನು 5,000ಕ್ಕೆ ಮಾರಿದೆ.

ಆಮೇಲೆ ವೈರಿನ ಸುತ್ತ ಹಿಡಿದು ಆಂಪ್ಸ್ ಅಳೆಯುವ, ವೋಲ್ಟೂ ತೋರಿಸುವ ಕ್ಲ್ಯಾಂಪ್ ಮೀಟರ್ ತಂದೆ. ಮೊದಲೇ ತರಬೇಕಿತ್ತು. ಮೇನ್ ಆಫ್ ಮಾಡಿ, ಹಳೆ 2 ಎಚ್‌ಪಿ ಮೋಟರಿನ ಟರ್ಮಿನಲ್‌ಗೆ ವೋಲ್ಟ್ ನೋಡುವ ವೈರ್ ಕಟ್ಟಿ, ಮುಚ್ಚಳ ಹಾಕಿ, ಆಮೇಲೆ ಚಾಲು ಮಾಡಿದೆ. ಜಾಲಿಯನ್ನು ನಾನು ತಳ್ಳಿದೆ, ತಮ್ಮ ಮೀಟರ್ ಓದಿದ. ಮೀಟರ್ ಬೋರ್ಡಿನಲ್ಲಿ 212 ವೋಲ್ಟ್ ಇದ್ದಾಗ ಮೋಟರಿನ ಬಳಿ 190. ಮೋಟರಿಗೆ ಹೊಡೆದ ಪ್ಲೇಟಿನ ಮೇಲೆ 11 ಆಂಪ್ಸ್ ಎಂದಿದೆ, ಎಳೆಯುತ್ತಿದ್ದುದು 18ರ ಹತ್ತಿರ. ವೋಲ್ಟೇಜ್ ಶೇ 10 ಬಿದ್ದರೆ ಮೋಟರಿನ ತಿರುಗಿಸುವ ಬಲ ಶೇ 20ರಷ್ಟು ಬೀಳುತ್ತದೆ. ಅಂದರೆ ನನ್ನ ಮೋಟರಿನ ಬಲದಲ್ಲಿ ಐದರಲ್ಲಿ ಒಂದು ಪಾಲು ದಾರಿಯಲ್ಲೇ ಸೋರುತ್ತಿತ್ತು. ಬೋರ್ಡಿನಿಂದ ಮಷಿನ್‌ಗೆ ಸುಮಾರು 40 ಮೀಟರ್, ಅದೂ ಒಂದೂವರೆ ಎಂಎಂ ವೈರ್, ನಡುವೆ ಎರಡು ಜಾಯಿಂಟ್!

ನಾಲ್ಕು ಎಂಎಂ ಎಳೆಯಿರಿ ಎಂದಾಗ ವೈರ್‌ಮನ್ ನಂಬಲಿಲ್ಲ. "ವೈರ್ ದಪ್ಪ ಮಾಡಿದ್ರ ಮಷಿನ್ ಜೋರ್ ಆಗ್ತದೇನ್ರಿ ಅಣ್ಣಾ?" ಆಯಿತು. ಅದೇ ಹಲಗೆ, ಅದೇ ಬ್ಲೇಡ್, ಮೋಟರಿನ ಬಳಿ 205. ನಿಲ್ಲುವುದು ನಿಂತಿತು, ಆದರೆ ಕಪ್ಪು ಹೋಗಲಿಲ್ಲ. ಅದು ಬ್ಲೇಡಿನ ತಪ್ಪು. ಪ್ಲೈಗೆ ತಂದಿದ್ದ 60 ಹಲ್ಲಿನ ಬ್ಲೇಡಲ್ಲೇ ಉದ್ದ ಸೀಳುತ್ತಿದ್ದೆ. 24 ಹಲ್ಲಿನದು ಹಾಕಿದ ಮೇಲೆ 12 ಆಂಪ್ಸ್. ವೈರ್ 7,000, ಬ್ಲೇಡ್ 1,300, ಹೊಸ ಬೆಲ್ಟ್ 250 ಇರಬೇಕು. ಆ ಸೆಕೆಂಡ್ ಹ್ಯಾಂಡ್ ಮೋಟರಿಗೆ ಕೊಟ್ಟಷ್ಟೇ ದುಡ್ಡು.

ನಡುವೆ ಪುಲ್ಲಿ ಆಟವೂ ಆಡಿದೆ. ಮೋಟರ್ 2880 ಸುತ್ತು, ಅದರ ಪುಲ್ಲಿ 4 ಇಂಚು, ಬ್ಲೇಡಿನ ಕಡೆ 3 ಇಂಚು. ಬ್ಲೇಡಿಗೆ 3,800ರ ಮೇಲೆ ಸಿಗುತ್ತದೆ. ಮೋಟರಿಗೆ 5 ಇಂಚಿನ ಪುಲ್ಲಿ ಹಾಕಿ 4,800ಕ್ಕೆ ಏರಿಸಿದೆ. ಸದ್ದು ಚೆನ್ನಾಗಿತ್ತು, ಬಲ ಹೋಯಿತು. ಬೇವು ಕೂಡ ಕರಕಲಾಯಿತು. ಎರಡೇ ದಿನಕ್ಕೆ ತೆಗೆದೆ. ಇನ್ನೊಂದು ಮಾತ್ರ ಗೆದ್ದಿತು. ಬ್ಲೇಡಿನ ಹಿಂದೆ, ಕೊಯ್ದ ಹಲಗೆ ಜಾರಲು, ಪಾಲಿಶ್ ಮಾಡಿದ ಶಹಾಬಾದಿ ಫರಸಿ ಕೂರಿಸಿ ಮೇಣ ಉಜ್ಜಿದ್ದೇನೆ. ಅಷ್ಟು ಸಮತಟ್ಟಾದದ್ದು ನಮ್ಮೂರಲ್ಲಿ ಇಷ್ಟು ಅಗ್ಗಕ್ಕೆ ಬೇರೇನು ಸಿಗುತ್ತದೆ? ಹಲಗೆ ಆನಿಸಿ ತಳ್ಳುವ ಗೈಡನ್ನು ಬ್ಲೇಡಿಗೆ ಎಷ್ಟು ಕೂದಲಿನಷ್ಟು ಓರೆ ಇಡುತ್ತೇನೆ, ಹೇಗೆ ಅಳೆಯುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದು ಎಂಟು ವರ್ಷದ ದುಡಿಮೆ.

ದೊಡ್ಡ ಮೋಟರ್ ಯಾರಿಗೂ ಬೇಡ ಎನ್ನುತ್ತಿಲ್ಲ. ಆಳಂದ ರಸ್ತೆಯ ಗೆಳೆಯರೊಬ್ಬರು 14 ಇಂಚಿನ ಬ್ಲೇಡಲ್ಲಿ ದಿನವಿಡೀ ನಾಲ್ಕು ಇಂಚಿನ ತೊಲೆ ಸೀಳುತ್ತಾರೆ. ಅಲ್ಲೂ ಅಳೆದೆ. ಮೋಟರಿನ ಬಳಿ 225 ವೋಲ್ಟ್, ಬ್ಲೇಡ್ ಹೊಸದಾಗಿ ಹರಿತ ಮಾಡಿದ್ದು, ಬೆಲ್ಟ್ ಬಿಗಿ. ಆದರೂ ಆಂಪ್ಸ್ ಪ್ಲೇಟಿಗಿಂತ ಜಾಸ್ತಿ. ಹಾಗಿದ್ದರೆ ಮೋಟರೇ ಸಾಲದು. ಮಂಜೂರಾದ ಲೋಡ್ ಏರಿದರೆ ತಿಂಗಳ ಫಿಕ್ಸೆಡ್ ಚಾರ್ಜೂ ಏರುತ್ತದೆ ಎಂದು ಮೊದಲೇ ಹೇಳಿದೆ. ಅವರು ಲೆಕ್ಕ ಹಾಕಿ ತ್ರೀ ಫೇಸ್ 5 ಎಚ್‌ಪಿ ತಂದರು, ಈಗ ಆರಾಮಾಗಿದ್ದಾರೆ.

ನನ್ನದು ಹೋದ ಮೇ ತಿಂಗಳ ಮಧ್ಯಾಹ್ನವೂ ನಿಲ್ಲಲಿಲ್ಲ. ಹೊರಗೆ 42 ಡಿಗ್ರಿ, ಬೋರ್ಡಿನಲ್ಲೇ 205 ವೋಲ್ಟ್. ಆರು ಬಾಗಿಲಿನ ಚೌಕಟ್ಟಿಗೆ ಜಾಲಿ ಸೀಳಿದೆ, ಮೋಟರಿನ ಮೈ ಬಿಸಿಯಾಗಿತ್ತು, ಆದರೆ ಕೈ ಇಟ್ಟುಕೊಳ್ಳಬಹುದಿತ್ತು. ಆ ವೈರ್‌ಮನ್ ಈಗ ಬೇರೆ ಅಂಗಡಿಗಳಿಗೆ ಹೋದಾಗಲೂ ಮೊದಲು ವೈರ್ ಎಷ್ಟು ಎಂಎಂ ಎಂದೇ ಕೇಳುತ್ತಾನೆ.