ಬೇಲಿ ಜಗಳದ ಕೇಸು, ಗಂಡನ ವೀಸಾ

ನಾನು ಅಮೆರಿಕದ ಪೌರಳು. ನನ್ನ ಗಂಡ ಸಾಗರ ಪೇಟೆಯ ಹತ್ತಿರದ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದರು. ಇವರನ್ನು ಕರೆಸಿಕೊಳ್ಳಲು ನಾನು ಹಾಕಿದ ಐ-130 ಮನವಿ ಮಂಜೂರಾಗಿ, ವಲಸೆ ವೀಸಾದ ಅರ್ಜಿ ಡಿಎಸ್-260 ತುಂಬುವಾಗ ಒಂದು ಪ್ರಶ್ನೆಗೆ ಬಂದು ನಿಂತೆ. ಯಾವತ್ತಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯಾ, ಆಮೇಲೆ ಕ್ಷಮೆ ಸಿಕ್ಕಿದ್ದರೂ ಹೇಳಿ ಅಂತ. ಶಿಕ್ಷೆ ಆಗಿರಲಿಲ್ಲ. ಬಂಧನ ಆಗಿತ್ತು.

2014ರಲ್ಲಿ ತೋಟಕ್ಕೆ ಸೊಪ್ಪು ತರುವ ಬೆಟ್ಟದ ಬೇಲಿ ವಿಷಯಕ್ಕೆ ಪಕ್ಕದ ತೋಟದವರ ಜೊತೆ ಜಗಳ ಆಗಿ ಕೈಗೆ ಕೈ ಹತ್ತಿತ್ತು. ಐಪಿಸಿ 341, 323, 504 (ಅಡ್ಡಗಟ್ಟಿದ್ದು, ಹೊಡೆದದ್ದು, ಬೈದು ಕೆಣಕಿದ್ದು) ಹಾಕಿ ಎಫ್‌ಐಆರ್ ಆಯ್ತು. ಅವತ್ತು ಸಂಜೆಗೇ ಸ್ಟೇಷನ್ ಬೇಲ್. ಎರಡು ವರ್ಷದ ಮೇಲೆ ಲೋಕ ಅದಾಲತ್‌ನಲ್ಲಿ ರಾಜಿ. ಈಗ ಅಡಿಕೆ ಕೊನೆ ಕೊಯ್ಲಿಗೆ ಎರಡೂ ಮನೆಯವರು ಒಟ್ಟಿಗೇ ಇರುತ್ತಾರೆ!

ಒಬ್ಬ ವೀಸಾ ಏಜೆಂಟ್, "ಪೊಲೀಸ್ ಕ್ಲಿಯರೆನ್ಸ್ ಕ್ಲೀನಾಗಿ ಬಂದಿದೆಯಲ್ಲ ಮೇಡಂ, ಸುಮ್ನೆ ಇಲ್ಲ ಅಂತ ಒತ್ತಿ" ಅಂದರು. ಅತ್ತೆಗೂ ಅದೇ ಸರಿ ಅನ್ನಿಸಿತ್ತು. "ಮುಗಿದಿದ್ದನ್ನ ಯಾಕೆ ಕೆದಕ್ತೀಯ ಮಾರಾಯ್ತಿ?"

ನನ್ನ ಲೆಕ್ಕ ಬೇರೆ ಇತ್ತು. ಶಿಕ್ಷೆಯೇ ಆಗದ ಇಂಥ ಸಣ್ಣ ಕೇಸು ವೀಸಾ ತಪ್ಪಿಸುವುದು ಕಷ್ಟ. ಆದರೆ ಮುಖ್ಯ ವಿಷಯದಲ್ಲಿ ಬೇಕಂತಲೇ ಸುಳ್ಳು ಹೇಳಿದರು ಅಂತ ಅಧಿಕಾರಿ ತೀರ್ಮಾನಿಸಿದರೆ ನಿಷೇಧ ಜೀವನಪೂರ್ತಿ. ಅದರಿಂದ ವಿನಾಯಿತಿ ಕೇಳಿಕೊಂಡು ಅಲೆಯಬೇಕು. ಕ್ಲಿಯರೆನ್ಸ್‌ನಲ್ಲಿ ಏನಿದೆ ಅಂತ ಅರ್ಜಿ ಕೇಳಿರಲೇ ಇಲ್ಲ, ಅಲ್ವಾ? ಹೌದು ಅಂತ ಒತ್ತಿದೆ. ವಿವರದ ಜಾಗದಲ್ಲಿ ತಾರೀಕು, ಕಲಂ, ರಾಜಿ, ಖುಲಾಸೆ. ನಾಲ್ಕೇ ಸಾಲು. ಬೇಲಿ ಯಾರದು ತಪ್ಪು ಅನ್ನುವ ಪುರಾಣ ಬರೆಯಲಿಲ್ಲ.

ಕಾಗದ ತೆಗೆಸಿದ್ದೇ ದೊಡ್ಡ ಕೆಲಸ. ರಜೆಗೆ ಬಂದಿದ್ದೆ, ಜೋರು ಮಳೆ. ಕೋರ್ಟಿನ ನಕಲು ವಿಭಾಗದಲ್ಲಿ ಮೊದಲು ಕೇಳಿದ್ದು ಕೇಸ್ ನಂಬರ್. ನಮ್ಮ ಹತ್ತಿರ ಇದ್ದದ್ದು ಎಫ್‌ಐಆರ್ ನಂಬರ್ ಮಾತ್ರ. ಹಳೇ ವಕೀಲರ ಡೈರಿಯಲ್ಲಿ ಕೇಸ್ ನಂಬರ್ ಸಿಕ್ಕಿತು. ಎಫ್‌ಐಆರ್, ಚಾರ್ಜ್‌ಶೀಟ್, ಕೊನೆಯ ಆದೇಶ ಮೂರಕ್ಕೂ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆವು.

ಆದೇಶ ಕನ್ನಡದಲ್ಲಿತ್ತು. ಪರಿಚಯದ ಮೇಷ್ಟ್ರೊಬ್ಬರು ಇಂಗ್ಲಿಷ್‌ಗೆ ಅನುವಾದ ಮಾಡಿಕೊಟ್ಟರು. ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಿದೆ ಅಂತ ಕೆಳಗೆ ಸಹಿಯನ್ನೂ ಹಾಕಿದರು. ಓದಿ ನೋಡಿದರೆ "ಆರೋಪಿಗಳನ್ನು ಬಿಡುಗಡೆ ಮಾಡಲಾಗಿದೆ" ಅನ್ನುವುದು "ರಿಲೀಸ್ಡ್" ಆಗಿ ಕೂತಿತ್ತು! ಓದಿದವರು ಜೈಲಿಂದ ಬಿಟ್ಟರು ಅಂದುಕೊಳ್ಳುತ್ತಾರೆ. ಇಲ್ಲಿ ಬಿಡುಗಡೆ ಅಂದರೆ ಖುಲಾಸೆ. ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾಯ್ದೆಯಾಗಿ ಆಗ ಜಾರಿಯಲ್ಲಿದ್ದ ಸಿಆರ್‌ಪಿಸಿಯ 320(8)ರ ಪ್ರಕಾರ ಕಾನೂನು ಒಪ್ಪುವ ರಾಜಿಗೆ ಖುಲಾಸೆಯ ಬೆಲೆಯೇ ಇತ್ತು. ವಕೀಲರನ್ನು ಕೇಳಿ "ಅಕ್ವಿಟೆಡ್" ಅಂತ ತಿದ್ದಿಸಿದೆ. ಇಡೀ ಫೈಲಿನಲ್ಲಿ ನಾನು ಅತಿ ಜಾಸ್ತಿ ಸಲ ಓದಿದ ಪದ ಅದೇ.

ಮುಂಬೈ ಸಂದರ್ಶನಕ್ಕೆ ಇವರೊಬ್ಬರೇ ಹೋದರು. ಏನು ಜಗಳ, ಈಗ ಯಾವುದಾದರೂ ಕೇಸು ಬಾಕಿ ಇದೆಯಾ ಅಂತ ಎರಡು ಪ್ರಶ್ನೆ. ಅಧಿಕಾರಿ ಆದೇಶ ಓದಿ ವಾಪಸ್ ಕೊಟ್ಟರಂತೆ. "ನೀ ಹೆದರಿದ್ದಷ್ಟು ಅವರು ಕೇಳಲೇ ಇಲ್ಲ" ಅಂತ ಹೊರಗೆ ಬಂದು ಫೋನ್ ಮಾಡಿದರು.

ಮುಂದೆ ಪೌರತ್ವದ ಅರ್ಜಿಯಲ್ಲೂ ಬಂಧನದ ಪ್ರಶ್ನೆ ಬರುತ್ತದೆ. ಅದಕ್ಕೇ ಇನ್ನೆರಡು ದೃಢೀಕೃತ ನಕಲು ತೆಗೆಸಿ, ಒಂದನ್ನು ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬಂದಿದ್ದೇನೆ.