ನಮ್ಮ ಹೈಸ್ಕೂಲಿಗೆ ಲವಾಸಿಯೆ ಬಂದ ಕಥೆ

ಹಳೇ ವಿಜ್ಞಾನಿಗಳ ಪ್ರಯೋಗ ಮಕ್ಕಳ ಕೈಯಲ್ಲೇ ಮಾಡಿಸಿ ಕೆಮಿಸ್ಟ್ರಿ ಕಲಿಸಲು ಹೊರಟಾಗ ‘ಪೋರ್ಷನ್ ಮುಗಿಯಲ್ಲ, ರಿಸಲ್ಟ್ ಬಿದ್ದುಹೋಗುತ್ತೆ’ ಅಂದವರೇ ಈಗ ನನ್ನ ತಕ್ಕಡಿ ಎರವಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೊಂದು ಪಾಠಕ್ಕೆ ಒಬ್ಬ ಹಳೇ ವಿಜ್ಞಾನಿ ಗುರು. ಅವನ ಜೀವನಚರಿತ್ರೆ ಬೇಡ. ಅವನ ತಲೆ ತಿಂದ ಪ್ರಶ್ನೆ ಮಾತ್ರ ಬೋರ್ಡಿನ ಮೇಲೆ. ಮಕ್ಕಳು ಮಾಡಿ ನೋಡುವ ತನಕ ಪುಸ್ತಕ ಮುಚ್ಚಿರಬೇಕು. ಇದಕ್ಕೂ ಮೊದಲು ಗಡ್ಡ ಅಂಟಿಸಿ ನಾಟಕ ಆಡಿಸಿದ್ದೆವು. ಬಣ್ಣ, ಬಟ್ಟೆಗೆ ಸಾವಿರದ ಹತ್ತಿರ ಹೋಯಿತು, ಕೆಮಿಸ್ಟ್ರಿ ಯಾರ ತಲೆಗೂ ಹತ್ತಲಿಲ್ಲ.

ಸುಟ್ಟರೆ ತೂಕ ಕಮ್ಮಿಯೋ ಜಾಸ್ತಿಯೋ? ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ 1772ರಲ್ಲಿ ಗಂಧಕ, ರಂಜಕ (ಫಾಸ್ಫರಸ್) ಸುಟ್ಟು ತೂಗಿದ. ನಮಗೆ ರಂಜಕ ಯಾರು ಕೊಡ್ತಾರೆ? ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದೆ. ಕೆಂಪಗೆ ಕಾಯಿತೇ ಹೊರತು ಉರಿಯಲಿಲ್ಲ, ಅದು ಸ್ಟೇನ್‌ಲೆಸ್. ಕೊನೆಗೆ ಶಿವಮೊಗ್ಗದ ಪೇಂಟ್ ಅಂಗಡಿಯಲ್ಲಿ ಮರ ಉಜ್ಜುವ ಸ್ಟೀಲ್ ವೂಲ್ ಸಿಕ್ಕಿತು. ಚಿನ್ನ ತೂಗುವಂಥ ಪುಟ್ಟ ತಕ್ಕಡಿಗೆ 600 ರೂಪಾಯಿಯೋ 700ಓ ಕೊಟ್ಟೆ. ಆಷಾಢದ ಥಂಡಿಗೆ ಬೆಂಕಿಕಡ್ಡಿ ಗೀರಿದರೆ ಮದ್ದೇ ಉದುರುತ್ತದೆ. 9 ವೋಲ್ಟಿನ ಬ್ಯಾಟರಿ ಮುಟ್ಟಿಸಿದೆ, ಸರಸರ ಕಿಡಿ ಹರಿಯಿತು. 3 ಗ್ರಾಂ ಇದ್ದದ್ದು ಮೂರೂವರೆಯ ಹತ್ತಿರ ಬಂತು. ‘ಸಾರ್, ಚೂರು ಉದುರಿದೆ, ಆದ್ರೂ ಜಾಸ್ತಿ!’ ಅಂತ ಹಿಂದಿನ ಬೆಂಚಿನ ಹುಡುಗಿ ಕೂಗಿದಳು. ಗಾಳಿಯ ಆಕ್ಸಿಜನ್ ಕಬ್ಬಿಣಕ್ಕೆ ಸೇರಿ ತೂಕ ಏರಿತ್ತು. ಆಕ್ಸಿಜನ್ ಪಾಠ ಅಲ್ಲೇ ಮುಗಿಯಿತು.

ಮೂಲಧಾತುಗಳನ್ನು ಕೋಷ್ಟಕದಲ್ಲಿ ಜೋಡಿಸಿದ ರಷ್ಯಾದ ಮೆಂಡಲೀವ್‌ಗೆ ಹಳೇ ಮದುವೆ ಕಾಗದದ ಕಾರ್ಡು, ಒಂದೊಂದಕ್ಕೆ ಒಂದು ಮೂಲಧಾತು, ಖರ್ಚು ಸೊನ್ನೆ. ಸಿಲಿಕಾನ್ ಕಾರ್ಡು ಜೇಬಿಗಿಟ್ಟುಕೊಂಡು ಖಾಲಿ ಜಾಗ ತೋರಿಸಿದೆ. ಅಕ್ಕಪಕ್ಕದ ಅಲ್ಯೂಮಿನಿಯಂ, ರಂಜಕದ ಪರಮಾಣು ತೂಕ 27 ಮತ್ತು 31, ನಡುವಿನದು 29 ಅಂದರು. ಇರೋದು 28. ಮೆಂಡಲೀವ್ ಹೀಗೇ ಜಾಗ ಖಾಲಿ ಬಿಟ್ಟಿದ್ದ ಗ್ಯಾಲಿಯಂ 1875ರಲ್ಲಿ ಸಿಕ್ಕಾಗ ಕಂಡುಹಿಡಿದವನ ಲೆಕ್ಕದಲ್ಲಿ ಸಾಂದ್ರತೆ 4.7. ಆ ಲೋಹ ಕಣ್ಣಲ್ಲೂ ನೋಡದ ಮೆಂಡಲೀವ್, ಸರಿಯಾಗಿ ಅಳೆಯಿರಿ, 5.9ರ ಸುಮಾರು ಬರಬೇಕು ಅಂದ. ಬಂತು ಕೂಡ. ಇದನ್ನು ಕೇಳಿ ಹುಡುಗರು ಶಿಳ್ಳೆ ಹೊಡೆದರು.

ಒಂದು ಲೋಹ ಇನ್ನೊಂದನ್ನು ದ್ರಾವಣದಿಂದ ಹೊರಹಾಕುವ ಸ್ಥಾನಪಲ್ಲಟಕ್ಕೆ ಹೊರಗಿನ ಗುರು ಬೇಕಾಗಲಿಲ್ಲ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅಪ್ಪಂದಿರು ನೋಡ್ತಾರಲ್ವಾ, ಅದೇ ಪಾಠ: ಕಬ್ಬಿಣ ತಾಮ್ರವನ್ನು ಹೊರಗೆ ಹಾಕಿತು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆ ಹೇಳಿದ ಔಷಧಿ ನಮ್ಮ ಅಡಿಕೆ ಕೊಳೆರೋಗಕ್ಕೆ ಬಂದಿದೆ. ‘ಔಷಧಿ ಹೊಡೆಯೋದು ಕಲಿಸೋಕೆ ಶಾಲೆ ಯಾಕೆ ಮೇಷ್ಟ್ರೇ?’ ಅಂದ ತೋಟದವರೇ ಆಮೇಲೆ ಅರ್ಧ ಕೆಜಿ ಮೈಲುತುತ್ತ ಕಳಿಸಿದರು.

ವಿಜ್ಞಾನಿ ರಾಬರ್ಟ್ ಬಾಯ್ಲ್ 1664ರಲ್ಲೇ ಹೂವಿನ ರಸದ ಬಣ್ಣ ಬದಲಾಗುವುದನ್ನು ನೋಡಿ ಆಮ್ಲ, ಕ್ಷಾರ ಪತ್ತೆ ಮಾಡಿದ್ದ. ನಮ್ಮದು ಮುರುಗಲು (ಕೋಕಂ) ಸಿಪ್ಪೆಯ ರಸ. ನಿಂಬೆಗೆ ಕೆಂಪು, ಸುಣ್ಣದ ತಿಳಿಗೆ ಹಸಿರುಗಪ್ಪು.  ಸುಮ್ನೆ ಅಡಿಕೆ ಚೊಗರಿಗೆ (ಅಡಿಕೆ ಬೇಯಿಸಿದ ನೀರಿಗೆ) ತುಕ್ಕು ಮೊಳೆ ಹಾಕಿಟ್ಟೆವು. ಕಪ್ಪು ಶಾಯಿ ಆಯಿತು, ಒಬ್ಬನ ಯೂನಿಫಾರಂ ಹೋಯಿತು.

ಒಟ್ಟು 2,500 ರೂಪಾಯಿ ಆಗಿರಬಹುದು, ಕೈಯಿಂದಲೇ. ಹೋದ ಸಲ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಯಾರೂ ಡುಮ್ಕಿ ಹೊಡೆಯಲಿಲ್ಲ. 80ಕ್ಕೆ 70 ದಾಟಿದವರೇ ಐದಾರು ಮಂದಿ. ಮುಂದಿನ ಗುರು ಡೇವಿ, 1807ರಲ್ಲಿ ಕರೆಂಟು ಹಾಯಿಸಿ ಪೊಟ್ಯಾಸಿಯಂ ತೆಗೆದವನು. ನಾವು ಉಪ್ಪುನೀರಿನಲ್ಲೇ ತೃಪ್ತಿಪಡಬೇಕು. ಗ್ಯಾರೇಜಿನವರು ಹಳೇ ಬೈಕ್ ಬ್ಯಾಟರಿ ಕೊಡ್ತೀನಿ ಅಂದಿದ್ದಾರೆ, ಇನ್ನೂ ಕೊಟ್ಟಿಲ್ಲ.