ಲಾಡ್ಜ್‌ನಲ್ಲಿ ಒಲೆ ಇರಲಿಲ್ಲ, ಬ್ಯಾಗಿನಲ್ಲಿ ಹುರಿಹಿಟ್ಟು ಇತ್ತು

ಹೋದ ವರ್ಷ 8 ದಿನದ ತರಬೇತಿಗೆ ಹಾಸನದಿಂದ ಬೆಂಗಳೂರಿಗೆ ಬರಬೇಕಾಯಿತು. ಪಾಪುಗೆ ಆಗ 9 ತಿಂಗಳು. ಎದೆಹಾಲು ಕುಡಿಯುತ್ತಿದ್ದ, ಜೊತೆಗೆ ದಿನಕ್ಕೆ ಮೂರು ಸಲ ಊಟ. ಬಿಟ್ಟು ಬರುವ ಮಾತೇ ಇರಲಿಲ್ಲ. "ನಾನೂ ಬರ್ತೀನಿ ನಡಿ" ಎಂದು ಅತ್ತೆ ಹೊರಟರು. ಗಾಂಧಿನಗರದಲ್ಲಿ ಲಾಡ್ಜ್ ಹಿಡಿದೆವು. ರೂಮಿನಲ್ಲಿ ಸ್ಟೌ, ಕೆಟಲ್ ಏನೂ ಇಡುವಂತಿಲ್ಲ ಎಂದು ಮೊದಲೇ ಹೇಳಿದ್ದರು.

ಮನೆಯಲ್ಲಿ ಪಾಪುಗೆ ಕೊಡುತ್ತಿದ್ದದ್ದು ರಾಗಿ ಸರಿ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ಹಿಟ್ಟು. ಅದನ್ನು ಒಲೆ ಮೇಲಿಟ್ಟು ಕೈಯಾಡಿಸುತ್ತಾ ಬೇಯಿಸಲೇಬೇಕು. ಬಿಸಿನೀರು ಹಾಕಿ ಕಲಸಿದರೆ ಹಸಿ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಏನು ಮಾಡೋದು ಎಂದು ಯೋಚಿಸುತ್ತಿದ್ದಾಗ ಅತ್ತೆ, "ಹುರಿಹಿಟ್ಟು ಮಾಡ್ಕೊಂಡು ಹೋಗೋಣ ಕಣಮ್ಮ. ನಮ್ಮಪ್ಪ ಜಾತ್ರೆಗೆ ಗಾಡಿ ಕಟ್ಟಿದಾಗ ಅದನ್ನೇ ಅಲ್ವಾ ಗಂಟು ಕಟ್ಟಿಕೊಳ್ತಿದ್ದಿದ್ದು" ಎಂದರು.

ಹುರಿಹಿಟ್ಟಿಗೆ ರಾಗಿಯನ್ನು ತೊಳೆದು, ಸ್ವಲ್ಪ ತೇವ ಇರುವಾಗಲೇ ಚೆನ್ನಾಗಿ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿ ಹುರಿಯಬೇಕು. ಚಟಪಟ ಎಂದು ಬೆಳ್ಳಗೆ ಅರಳುತ್ತದೆ. ಅರಳಿತು ಎಂದರೆ ಒಳಗಡೆ ಬೆಂದಿದೆ ಎಂದೇ ಅರ್ಥ. ಆಮೇಲೆ ಬಿಸಿನೀರು ಸಾಕು, ಒಲೆ ಬೇಡ. ಅತ್ತೆ ಅದಕ್ಕೆ ಒಂದು ಹಿಡಿ ಹುರಿಗಡಲೆ ಸೇರಿಸಿ ಬೀಸಿಸಿದರು. ದೊಡ್ಡವರಿಗಾದರೆ ಹಾಗೇ ನಡೆಯುತ್ತದೆ, ಮಗುವಿಗೆ ಹೊಟ್ಟು ಗಂಟಲಿಗೆ ಅಡ್ಡ ಬರುತ್ತದೆ ಎಂದು ತೆಳು ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದರು. ಕೊನೆಗೆ ಉಳಿದ ಹಿಟ್ಟು ಪೌಡರ್ ತರ ನುಣ್ಣಗಿತ್ತು. ಬೆಲ್ಲ, ಉಪ್ಪು ಏನೂ ಹಾಕಲಿಲ್ಲ. ಹೊರಡುವ ಎರಡು ವಾರ ಮೊದಲೇ ಮನೆಯಲ್ಲಿ ತಿನ್ನಿಸಿ ನೋಡಿದೆವು. ಒಗ್ಗದಿದ್ದರೆ ಮನೆಯಲ್ಲೇ ಗೊತ್ತಾಗಲಿ, ಪರ ಊರಿನಲ್ಲಿ ಬೇಡ ಅಂತ.

ಇನ್ನು ನೀರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಬಾತ್‌ರೂಮಿನ ಗೀಸರ್ ನೀರು ಕೈ ಸುಡುವಷ್ಟು ಬಿಸಿ ಇರಬಹುದು, ಆದರೆ ಕುದ್ದಿರುವುದಿಲ್ಲ. ಹೋಟೆಲಿನಲ್ಲಿ ಟೇಬಲ್ ಮೇಲೆ ಇಡುವ ಬಿಸಿನೀರೂ ಕುದ್ದದ್ದೋ, ಬೆಚ್ಚಗೆ ಮಾಡಿದ್ದೋ ಹೇಳಲಾಗದು. ಹಾಗಾಗಿ ಪಕ್ಕದ ರಸ್ತೆಯ ದರ್ಶಿನಿಗೆ ಬೆಳಗ್ಗೆ ಆರೂವರೆಗೆ ಫ್ಲಾಸ್ಕ್ ಹಿಡಿದುಕೊಂಡು ಹೋಗುತ್ತಿದ್ದೆ. "ಅಣ್ಣಾ, ಮಗೂಗೆ. ಕಣ್ಣೆದುರಿಗೆ ಕುದೀತಿರೋ ನೀರೇ ಬೇಕು" ಎಂದೆ. ಕಾಫಿ ಮಾಡುವವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಮೂರನೇ ದಿನದಿಂದ ನನ್ನನ್ನು ನೋಡಿದ ಕೂಡಲೇ ಪಾತ್ರೆ ಒಲೆಗಿಡುತ್ತಿದ್ದರು. ಸಂಜೆ ಇನ್ನೊಂದು ಫ್ಲಾಸ್ಕ್. ಆ ನೀರೇ ಹಿಟ್ಟು ಕಲಸಲು, ಆರಿಸಿ ಕುಡಿಸಲು, ಸೋಪು ಹಾಕಿ ತೊಳೆದ ಬಟ್ಟಲು ಚಮಚದ ಮೇಲೆ ಕೊನೆಗೆ ಸುರಿಯಲು. ಹಾಲಿನ ಬಾಟಲಿ ನಾವು ತರಲೇ ಇಲ್ಲ. ಅದರ ನಿಪ್ಪಲ್ ಸಂದಿಯನ್ನು ಲಾಡ್ಜ್‌ನಲ್ಲಿ ಸರಿಯಾಗಿ ತೊಳೆಯುವುದು ಆಗದ ಕೆಲಸ. ನೀರು ಕುಡಿಸಲು ಅತ್ತೆಯ ಹಳೇ ಒಳಲೆ ಇತ್ತು, ಮಗುವಿಗೆ ಕುಡಿಸುವ ಮೂತಿಯಿರುವ ಸಣ್ಣ ಬಟ್ಟಲು. ಎಲ್ಲಾ ಕಡೆ ಬೆರಳು ಹೋಗುತ್ತದೆ, ಉಜ್ಜಿದರೆ ಆಯಿತು.

ಎರಡನೇ ದಿನ ಒಂದು ತಪ್ಪು ಮಾಡಿದೆ. ಅತ್ತೆಗೆ ಕೆಲಸ ಕಡಿಮೆಯಾಗಲಿ ಎಂದು ಬೆಳಗ್ಗೆಯೇ ಹಿಟ್ಟು ಕಲಸಿ, ಬಿಸಿ ಆರದಿರಲಿ ಎಂದು ಸಣ್ಣ ಫ್ಲಾಸ್ಕಿಗೆ ಹಾಕಿಟ್ಟು ಹೋದೆ. ಮಧ್ಯಾಹ್ನ ಅತ್ತೆ ಮುಚ್ಚಳ ತೆಗೆದರೆ ಹುಳಿ ವಾಸನೆ. ಪಾಪುಗೆ ಕೊಡದೆ ಚೆಲ್ಲಿದರು. ಸದ್ಯ, ಮೂಸಿ ನೋಡಿದ್ದರು. ಉಗುರುಬೆಚ್ಚಗಿನ ಗಂಜಿ ಗಂಟೆಗಟ್ಟಲೆ ಇದ್ದರೆ ಕ್ರಿಮಿ ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ಒಂದೊಂದು ಸಲ ವಾಸನೆಯೂ ಬರುವುದಿಲ್ಲ. ಅಲ್ಲಿಂದ ಮುಂದೆ ಹಿಟ್ಟು ಒಣ ಡಬ್ಬಿಯಲ್ಲೇ, ನೀರು ಫ್ಲಾಸ್ಕಿನಲ್ಲೇ. ತಿನ್ನಿಸುವ ಹೊತ್ತಿಗೆ ಮೂರು ಚಮಚ ಹಿಟ್ಟು ಕಲಸುವುದು, ಮಿಕ್ಕಿದ್ದನ್ನು ಎತ್ತಿಡದೆ ಚೆಲ್ಲುವುದು.

ಬರೀ ಹುರಿಹಿಟ್ಟು ಎರಡು ಹೊತ್ತಿಗೆ ಸರಿ, ಮೂರನೇ ಸಲಕ್ಕೆ ಬೇಜಾರು ಅವನಿಗೆ. ಬೆಳಗ್ಗೆ ದರ್ಶಿನಿಯಲ್ಲಿ ತಟ್ಟೆಯಿಂದ ಆಗ ತಾನೇ ತೆಗೆದ ಇಡ್ಲಿ ಕೇಳಿ, ಚಟ್ನಿ ಸಾಂಬಾರ್ ಇಲ್ಲದೆ ಕಟ್ಟಿಸಿಕೊಳ್ಳುತ್ತಿದ್ದೆ. ಹೋಟೆಲ್ ಇಡ್ಲಿಯಲ್ಲಿ ಉಪ್ಪು ಇದ್ದೇ ಇರುತ್ತದೆ, ಅದಕ್ಕೆ ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಕೊಡಲಿಲ್ಲ. ಬಿಸಿನೀರಿನಲ್ಲಿ ಕಿವುಚಿ, ಸಪ್ಪೆ ಮೊಸರು ಒಂದು ಚಮಚ ಬೆರೆಸಿದರೆ ಚೆನ್ನಾಗಿ ತಿನ್ನುತ್ತಿದ್ದ. ಮೊಸರಿಗೆ ನಂದಿನಿಯ ಸಣ್ಣ ಪ್ಯಾಕೆಟ್. ಫ್ರಿಜ್ ಇಲ್ಲವಲ್ಲ, ಒಡೆದ ಪ್ಯಾಕೆಟ್ ಉಳಿದದ್ದು ನಮ್ಮ ಊಟಕ್ಕೆ. ಏಲಕ್ಕಿ ಬಾಳೆ ಎಲ್ಲಾ ಕಡೆ ಸಿಗುತ್ತದೆ. ಸಿಪ್ಪೆಯೇ ಅದರ ಡಬ್ಬಿ, ಪ್ರಯಾಣಕ್ಕೆ ಅಷ್ಟು ಶುಚಿಯಾದ ಹಣ್ಣು ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಕತ್ತರಿಸಿ ಮಾರುವ ಪಪ್ಪಾಯಿ ಮಾತ್ರ ಬೇಡ. ತೆಳು ಅವಲಕ್ಕಿಯನ್ನು ಪುಡಿ ಮಾಡಿ ತಂದಿದ್ದೆವು. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆದರೆ ಮೆತ್ತಗೆ ಅನ್ನದ ಹಾಗೆ.

ಕೆಮ್ಮು ಬಂದಾಗ ಪಕ್ಕದ ರೂಮಿನವರು ಪ್ರೀತಿಯಿಂದ ಜೇನುತುಪ್ಪ ತಂದುಕೊಟ್ಟರು. ಕೈಮುಗಿದು ಬೇಡ ಎಂದೆ. ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ವಿಷ ಮಾಡುತ್ತದೆ.

ತರಬೇತಿ ಇದ್ದದ್ದು ಕೆ.ಆರ್. ಸರ್ಕಲ್ ಹತ್ತಿರ. ಮಧ್ಯಾಹ್ನ ಒಂದೂಕಾಲಿಗೆ ಅತ್ತೆ ಪಾಪುವನ್ನು ಎತ್ತಿಕೊಂಡು ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಬರುತ್ತಿದ್ದರು. ಕಬ್ಬನ್ ಪಾರ್ಕಿನ ಮರದ ಕೆಳಗೆ ಕೂತು, ಸೆರಗು ಹೊದ್ದು ಹಾಲು ಕುಡಿಸುತ್ತಿದ್ದೆ. ಎಷ್ಟೇ ಹಿಟ್ಟು, ಇಡ್ಲಿ ಎಂದರೂ ಈ ವಯಸ್ಸಿನಲ್ಲಿ ಎದೆಹಾಲೇ ದೊಡ್ಡ ಆಸರೆ. ಹೊಸ ಜಾಗ ಎಂದು ಊಟ ಬಿಟ್ಟ ದಿನ ನಾನು ಹೆದರದೆ ಇದ್ದದ್ದು ಅದರಿಂದಲೇ. ಅಂದು ರಾತ್ರಿ ಎರಡು ಸಲ ಜಾಸ್ತಿ ಕುಡಿದ, ಮಾರನೇ ದಿನ ತಾನಾಗಿಯೇ ಬಾಯಿ ತೆರೆದ.

ಅರ್ಧ ಕಿಲೋ ಹಿಟ್ಟು ತಂದಿದ್ದೆವು. ಕೊನೇ ದಿನ ಡಬ್ಬಿಯಲ್ಲಿ ನಾಲ್ಕು ಚಮಚ ಉಳಿದಿತ್ತು. ಹಾಸನದ ಬಸ್ಸು ಊಟಕ್ಕೆ ನಿಂತಾಗ ಅತ್ತೆ ಅದನ್ನು ಕಲಸಿ ಅವನಿಗೆ ತಿನ್ನಿಸಿದರು.